ಗಂಗಾಧರರಾಯರೂ ವಿಜಯನಗರದ ಬಾವಿಯೂ

ಕೆಲವು ವಾರಗಳ ಹಿಂದೆ ಖಾನಾಪುರದ ಒಂದು ಸಂಸ್ಥೆಯ ಉತ್ಸವದ ಸಿದ್ಧತಾ ಸಭೆಗೆ ನಮ್ಮನ್ನು ಕರೆದಿದ್ದರು. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳಬೇಕಾದ ಕಾರಣವಿಲ್ಲ. ಮಹಾದ್ವಾರವು ಎಷ್ಟು ಎತ್ತರವಿರಬೇಕು, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬ ಎರಡು ವಿಷಯಗಳಲ್ಲಿ ಎರಡು ತಾಸು ಕಳೆದುಹೋದವು. ಕೊನೆಗೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ನಿವೃತ್ತ ಶಾಲಾ ಮಾಸ್ತರರು ಎದ್ದುನಿಂತು, ಬೇಸಗೆಯಲ್ಲಿ ಸಾವಿರಾರು ಜನ ಕೂಡಿದಾಗ ಅವರಿಗೆ ಕುಡಿಯುವ ನೀರು ಎಲ್ಲಿಂದ ಬರುವದೆಂದು ಕೇಳಿದರು. ಅದನ್ನು ಮುಂದೆ ನೋಡೋಣವೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಸಭೆ ಚಹಾಕ್ಕೆ ಎದ್ದಿತು. ನಾವೂ ಚಹಾ ಕುಡಿದು ಬೆಳಗಾವಿಗೆ ಹೊರಟೆವು. ದಾರಿಯಲ್ಲಿ ಏನು ತೋಚಿತೋ, ಮನೆಗೆ ಹೋಗುವ ಬದಲು ಟಿಳಕವಾಡಿಯಲ್ಲಿ ಇಳಿದು ಕಾಂಗ್ರೆಸ್ ಬಾವಿಯ ಕಡೆಗೆ ನಡೆದೆವು.

ಈ ಬಾವಿಯನ್ನು ನಮ್ಮ ಊರಿನ ಪ್ರತಿಯೊಬ್ಬನೂ ಬಲ್ಲನು. ಆದರೆ ಅದನ್ನು ತೋಡಿಸಿದವರ ಕಾರ್ಯಪದ್ಧತಿಯನ್ನು ಬಲ್ಲವರು ಕಡಿಮೆ. 1924ನೆಯ ಇಸವಿಯ ಡಿಸೆಂಬರ 26 ಮತ್ತು 27ರಂದು ರಾಷ್ಟ್ರೀಯ ಸಭೆಯ 39ನೆಯ ಅಧಿವೇಶನವು ಬೆಳಗಾವಿಯಲ್ಲಿ ಕೂಡಿತು. ಮಹಾತ್ಮಾ ಗಾಂಧಿಯವರು ತಮ್ಮ ಜೀವಮಾನದಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದು ಅದೊಂದೇ ಸಲ. ಅಂದಿನ ಸ್ವಾಗತ ಮಂಡಳದ ಅಧ್ಯಕ್ಷರು ಹುದಲಿಯ ಗಂಗಾಧರರಾವ ಬಾಳಕೃಷ್ಣ ದೇಶಪಾಂಡೆಯವರು. ಕರ್ನಾಟಕ ಕೇಸರಿ ಎಂದು ನಾಡು ಕರೆದ ಪುರುಷರು. ಆ ಬಿರುದು ಅವರ ವಾಗ್ಮಿತೆಯನ್ನೂ ಧೈರ್ಯವನ್ನೂ ಸೂಚಿಸುತ್ತದೆ. ನಾವಾದರೋ ಈ ದಿನ ಅವರ ಮತ್ತೊಂದು ಗುಣವನ್ನು ಕುರಿತು, ಎಂದರೆ ಅನೇಕರು ಕೂಡಿ ಮಾಡಬೇಕಾದ ಕೆಲಸದಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ, ಯಾವುದನ್ನು ಯಾರ ಕೈಯಿಂದ ಎಂದು ನಿಶ್ಚಯಿಸುವ ಅವರ ಶಕ್ತಿಯನ್ನು ಕುರಿತು ಬರೆಯಬೇಕೆಂದಿರುವೆವು.

ರಾಯರು ಹುಟ್ಟಿದ್ದು 1871ನೆಯ ಮಾರ್ಚ 31ರಂದು, ಬೆಳಗಾವಿ ಜಿಲ್ಲೆಯ ಹುದಲಿಯಲ್ಲಿ. ವತನದಾರ ದೇಶಪಾಂಡೆಯವರ ಮನೆತನ. ಊಟಕ್ಕೂ ಮಾನಕ್ಕೂ ಕೊರತೆಯಿಲ್ಲದ ಮನೆ. ಉಚ್ಚ ಶಿಕ್ಷಣವನ್ನು ಮುಗಿಸಿ, ಸರಕಾರದ ಕೃಪೆಯಲ್ಲಿ ಸುಖವಾಗಿ ಇರಬಹುದಾಗಿದ್ದ ಆ ತರುಣರು ಲೋಕಮಾನ್ಯ ಟಿಳಕರ ಕಡೆಗೆ ವಾಲಿದರು. ಅಂದಿನ ಮುಂಬಯಿ ಇಲಾಖೆಯ ದಕ್ಷಿಣ ಜಿಲ್ಲೆಗಳಲ್ಲಿ ಟಿಳಕರ ಬಲಗೈ ಯಾರೆಂದು ಕೇಳಿದರೆ ಜನ ರಾಯರ ಕಡೆಗೆ ಬೆರಳು ತೋರಿಸುತ್ತಿದ್ದರು. ಸಾರ್ವಜನಿಕ ಗಣೇಶೋತ್ಸವ, ಸ್ವದೇಶೀ ಚಳವಳ, ರಾಷ್ಟ್ರೀಯ ಶಿಕ್ಷಣದ ಶಾಲೆ, ಮುಂಬಯಿಯಿಂದ ಹೊರಡುತ್ತಿದ್ದ ರಾಷ್ಟ್ರಮತ ಎಂಬ ದೈನಿಕದ ವ್ಯವಸ್ಥೆ ಹೀಗೆ ಅವರು ಕೈಹಾಕಿದ ಕೆಲಸಗಳು ಹಲವು. ಅವುಗಳಲ್ಲಿ ಕೆಲವು ಸರಕಾರದ ಕಣ್ಣು ಕೆಂಪಾದೊಡನೆ ಮುಗಿದವು. ಪತ್ರಿಕೆ ನಡೆಸುವ ನಮಗೆ ಇದರ ನೋವು ತಿಳಿಯುತ್ತದೆ. ಆದರೆ ಈ ಸೋಲುಗಳಿಂದ ರಾಯರು ಒಂದು ಸಂಗತಿಯನ್ನು ಕಲಿತಿರಬೇಕು: ಉತ್ಸಾಹವು ಸಂಘವಾಗಿ ನಿಲ್ಲದಿದ್ದರೆ ಮೊದಲನೆಯ ಗಾಳಿಗೇ ಹಾರಿಹೋಗುತ್ತದೆ.

1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ಸು ಒಡೆದುದು ವಾಚಕರಿಗೆ ಗೊತ್ತೇ ಇದೆ. ಟಿಳಕ ಪಕ್ಷದವರು ಹೊರಗುಳಿದರು. ಟಿಳಕರು ಮಂಡಾಲೆಗೆ ಹೋಗಿ ಆರು ವರ್ಷಗಳ ಸೆರೆವಾಸವನ್ನು ಕಳೆದು 1914ರಲ್ಲಿ ಮರಳಿದರು. ಒಡೆದ ಮನೆಯನ್ನು ಕೂಡಿಸುವ ಪ್ರಶ್ನೆಯು 1916ನೆಯ ಎಪ್ರಿಲಿನಲ್ಲಿ ಬೆಳಗಾವಿಗೆ ಬಂದಿತು. ಇಲ್ಲಿ ಕೂಡಿದ ಪ್ರಾಂತಿಕ ಪರಿಷತ್ತಿನಲ್ಲಿ ಟಿಳಕರ ಅನುಯಾಯಿಗಳು ಕಾಂಗ್ರೆಸ್ಸಿಗೆ ಹಿಂದಿರುಗುವ ನಿರ್ಣಯವನ್ನು ಕೈಕೊಂಡರು. ದಕ್ಷಿಣ ಆಫ್ರಿಕೆಯಿಂದ ಬಂದು ಇನ್ನೂ ಒಂದೂವರೆ ವರ್ಷವೂ ಆಗದಿದ್ದ ಗಾಂಧಿಯವರೂ ಆ ಪರಿಷತ್ತಿಗೆ ಬಂದಿದ್ದರು. ಅದೇ ದಿನಗಳಲ್ಲಿ, ಎಪ್ರಿಲ 28ರಂದು, ಟಿಳಕರ ಹೋಮ್ ರೂಲ್ ಲೀಗು ಬೆಳಗಾವಿಯಲ್ಲಿಯೇ ಸ್ಥಾಪಿತವಾಯಿತು. ಇಲ್ಲಿಯ ಜಾಣತನವನ್ನು ಗಮನಿಸಬೇಕು. ದೊಡ್ಡ ಮನೆಗೆ ಮರಳಿ ಹೋಗುವದು, ಆದರೆ ತಮ್ಮದೇ ಆದ ಒಂದು ಚಿಕ್ಕ ಚುರುಕಾದ ಸಂಘವನ್ನೂ ಕೈಯಲ್ಲಿಟ್ಟುಕೊಳ್ಳುವದು. ಒಂದು ಕೈಯಲ್ಲಿ ಸಂಧಿ, ಇನ್ನೊಂದರಲ್ಲಿ ಸಾಧನ. ಈ ಯೋಜನೆಯ ಕರ್ತೃತ್ವ ಟಿಳಕರದು; ಅದಕ್ಕೆ ನೆಲೆ ಒದಗಿಸಿದ್ದು ರಾಯರ ಊರು.

1920ನೆಯ ಆಗಸ್ಟ 1ರಂದು ಲೋಕಮಾನ್ಯರು ಕಾಲವಾದರು. ಅವರ ಶಿಷ್ಯರಲ್ಲಿ ಹಲವರು ಗಾಂಧಿಯವರ ಮಾರ್ಗವನ್ನು ಸಂಶಯದಿಂದಲೇ ನೋಡಿದರು. ರಾಯರು ಸುಮಾರು ಐವತ್ತರ ವಯಸ್ಸಿನಲ್ಲಿ, ಅರ್ಧ ಆಯುಷ್ಯವನ್ನು ಒಬ್ಬ ಗುರುವಿನ ಸೇವೆಯಲ್ಲಿ ಕಳೆದ ಮೇಲೆ, ಇನ್ನೊಂದು ಮಾರ್ಗವನ್ನು ಹಿಡಿದರು. ಇದನ್ನು ಪಕ್ಷಾಂತರವೆಂದು ಅಂದವರುಂಟು. ನಮಗೆ ಹಾಗೆ ತೋರುವದಿಲ್ಲ. ಗುರಿ ಅದೇ ಇತ್ತು. ಅಲ್ಲಿಗೆ ಹೋಗಲು ಸಾಮಾನ್ಯ ಜನರು ನಡೆಯಬಲ್ಲ ದಾರಿ ಯಾವುದೆಂಬ ಪ್ರಶ್ನೆಗೆ ಅವರು ಹೊಸ ಉತ್ತರವನ್ನು ಒಪ್ಪಿಕೊಂಡರು. ಅದೇ ವರ್ಷದ ಕೊನೆಗೆ ನಾಗಪುರದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳನ್ನು ಮಾಡಿಕೊಂಡಿತು. ಅಲ್ಲಿಯವರೆಗೆ ಮುಂಬಯಿ ಕರ್ನಾಟಕದ ಕಾರ್ಯಕರ್ತರು ಒಂದು ಕಡೆ, ಮದ್ರಾಸ ಇಲಾಖೆಯ ಕನ್ನಡಿಗರು ಮತ್ತೊಂದು ಕಡೆ, ಸಂಸ್ಥಾನಗಳವರು ಇನ್ನೊಂದು ಕಡೆ ಚದರಿಹೋಗಿದ್ದರು. ಈಗ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿ ಹುಟ್ಟಿತು. ಅದರ ಮೊದಲನೆಯ ಅಧ್ಯಕ್ಷರು ಗಂಗಾಧರರಾಯರೇ. ಮರಾಠಿಯ ಸಂಸ್ಕಾರದಲ್ಲಿ ಬೆಳೆದ, ಪುಣೆಯ ರಾಜಕಾರಣದಲ್ಲಿ ಪಳಗಿದ ಈ ಗೃಹಸ್ಥರು ಕನ್ನಡ ಪ್ರಾಂತದ ಕಾಂಗ್ರೆಸ್ಸಿನ ಚುಕ್ಕಾಣಿ ಹಿಡಿದರೆಂಬದು ಇಂದಿನ ಬೆಳಗಾವಿಯಲ್ಲಿ ಎರಡೂ ಭಾಷೆಗಳವರು ನೆನಪಿಡಬೇಕಾದ ಮಾತು.

ಇನ್ನು 1924ರ ಅಧಿವೇಶನಕ್ಕೆ ಬರೋಣ. ಟಿಳಕವಾಡಿಯ ಬಯಲಿನಲ್ಲಿ ಒಂದು ತಾತ್ಪೂರ್ತಿಕ ನಗರವನ್ನೇ ಎಬ್ಬಿಸಬೇಕಾಗಿತ್ತು. ಅದಕ್ಕೆ ವಿಜಯನಗರವೆಂದು ಹೆಸರಿಟ್ಟರು. ಹುಬ್ಬಳ್ಳಿ ಧಾರವಾಡಗಳ ಕಡೆಯಿಂದ ಲೋಂಡಾ, ಖಾನಾಪುರಗಳ ಮೇಲೆ ಹಾಯ್ದು ರೇಲ್ವೆಯಲ್ಲಿ ಬಂದಿಳಿದ ಕನ್ನಡಿಗನಿಗೆ ಆ ಹೆಸರು ಕೇಳಿದೊಡನೆ ತಾನು ಪರರ ಸಭೆಗೆ ಬಂದಿಲ್ಲವೆಂದು ತಿಳಿಯುವಂತಿತ್ತು. ಆದರೆ ಹೆಸರಿನಿಂದ ಬಾಯಾರಿಕೆ ಹೋಗುವದಿಲ್ಲ. ಬಯಲಿನಲ್ಲಿ ನೀರಿನ ಅಭಾವವಿತ್ತು. ಜನ ಕೂಡುವ ಮೊದಲೇ ಬಾವಿ ತೋಡಿಸಿದರು. 4,370 ರೂಪಾಯಿ 3 ಆಣೆ ಖರ್ಚಾಯಿತು. ಅದಕ್ಕೆ ಪಂಪಾ ಸರೋವರವೆಂದು ಹೆಸರು. ಆ ಮೂರು ಆಣೆಗಳನ್ನು ನಾವು ಬೇಕೆಂದೇ ಬರೆದಿದ್ದೇವೆ. ಲೆಕ್ಕದ ಪುಸ್ತಕದಲ್ಲಿ ಆಣೆಯನ್ನೂ ಬಿಡದವನ ಕೈಯಲ್ಲಿ ಮಾತ್ರ ಜನರು ನೆಮ್ಮದಿಯಿಂದ ರೂಪಾಯಿ ಇಡುತ್ತಾರೆ. ಸಭಾಮಂಟಪಕ್ಕಾಗಿ ಸರ್ಕಸ್ಸಿನ ಡೇರೆಯನ್ನು ಬಾಡಿಗೆಗೆ ತಂದರು, ಬೆಂಕಿಯ ಭಯಕ್ಕಾಗಿ ಅದರ ವಿಮೆಯನ್ನೂ ಇಳಿಸಿದರು. ಅಧಿವೇಶನ ಮುಗಿದು ಲೆಕ್ಕ ಕೂಡಿಸಿದಾಗ ಸಾಲ ಉಳಿಯಲಿಲ್ಲ, ಕೆಲವು ನೂರು ರೂಪಾಯಿಗಳ ಶಿಲ್ಕು ಉಳಿಯಿತು. ನಮ್ಮ ಇಂದಿನ ಉತ್ಸವ ಸಮಿತಿಗಳಲ್ಲಿ ಹೀಗಾದುದನ್ನು ನಾವು ಬಹಳ ಸಲ ಕಂಡಿಲ್ಲ.

ಎಲ್ಲವನ್ನೂ ತಾವೇ ಮಾಡಬೇಕೆಂಬ ಹಟ ರಾಯರಿಗಿರಲಿಲ್ಲ. ದೊಡ್ಡ ಮನುಷ್ಯರ ದೊಡ್ಡ ರೋಗವೇ ಅದು. ಸ್ವಯಂಸೇವಕರ ಶಿಸ್ತಿನ ಕೆಲಸ ಹುಬ್ಬಳ್ಳಿಯ ಡಾಕ್ಟರ ನಾ. ಸು. ಹರ್ಡೀಕರರದು; ಹಿಂದಿನ ವರ್ಷ, 1923ರಲ್ಲಿ, ಕಾಕಿನಾಡದಲ್ಲಿ ಹುಟ್ಟಿದ ಹಿಂದುಸ್ತಾನೀ ಸೇವಾದಳದ ತರಬೇತಿಗೆ ಬೆಳಗಾವಿಯೇ ಮೊದಲನೆಯ ದೊಡ್ಡ ಪರೀಕ್ಷೆ. ಸೇವಿಕೆಯರ ತಂಡವನ್ನು ಕೂಡಿಸಿ ನಡಿಸಿದವರು ಉಮಾಬಾಯಿ ಕುಂದಾಪುರರವರು. ನೈರ್ಮಲ್ಯದ ಕೆಲಸವನ್ನು ಕಾಕಾ ಕಾಲೇಲಕರರು ಹೊತ್ತರು. ಅವರು ಈ ಸೀಮೆಯವರೇ, ಹಿಂದೆ ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಕಲಿಸಿದವರು. ಅಂದಿನ ದಿನಗಳಲ್ಲಿ ಮೇಲುಜಾತಿಯ ಓದಿದ ತರುಣರು ಪಾಯಖಾನೆ ತೊಳೆಯುವ ಕೆಲಸಕ್ಕೆ ನಿಲ್ಲುವದೆಂದರೆ ಮಂಟಪ ಕಟ್ಟುವದಕ್ಕಿಂತ ಕಠಿಣವಾದ ನಿರ್ಣಯ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕ್ಷೇತ್ರವನ್ನು ಒಪ್ಪಿಸಿ, ಆಮೇಲೆ ಅವರ ನಡುವೆ ಕಾಲು ಹಾಕದೆ ಇರುವದು ಬರೆದಷ್ಟು ಸುಲಭವಲ್ಲ.

ತಪ್ಪುಗಳೇ ಇರಲಿಲ್ಲವೆಂದಲ್ಲ. ಗಾಂಧಿಯವರು ಅಧಿವೇಶನಕ್ಕೆ ಆರು ದಿನ ಮೊದಲು, ಡಿಸೆಂಬರ 20ರಂದೇ ಬಂದರು. ಅವರಿಗಾಗಿ 350 ರೂಪಾಯಿ ಖರ್ಚು ಮಾಡಿ ಬಿದಿರು ಹುಲ್ಲುಗಳ ಒಂದು ಕುಟೀರವನ್ನು ಕಟ್ಟಿದ್ದರು. ಕುಟೀರವೆಂದು ಹೆಸರು ಮಾತ್ರ, ಇದು ಅರಮನೆಯಾಯಿತೆಂದು ಅವರಿಗೆ ಅನಿಸಿತು. ವ್ಯವಸ್ಥೆಯನ್ನು ಅವರು ಮುಕ್ತಕಂಠದಿಂದ ಹೊಗಳಿದರು. ಆದರೆ ಆಡಂಬರವನ್ನು ಇನ್ನೂ ಕಡಿಮೆ ಮಾಡಬೇಕು, ಬಡವನೂ ಪ್ರತಿನಿಧಿಯಾಗಿ ಬರುವಂತೆ ಶುಲ್ಕವನ್ನು ಹತ್ತು ರೂಪಾಯಿಯಿಂದ ಒಂದಕ್ಕೆ ಇಳಿಸಬೇಕು ಎಂಬದೂ ಅವರ ಅಭಿಪ್ರಾಯವಾಗಿತ್ತು. ಅತಿಥಿ ಸತ್ಕಾರದ ಹುರುಪಿನಲ್ಲಿ ಯಜಮಾನರು ಅತಿಥಿಯ ಸ್ವಭಾವವನ್ನು ಮರೆತರೆಂದೇ ಹೇಳಬೇಕು. ಆದರೂ ಬಾವಿಗೆ ನಾಲ್ಕು ಸಾವಿರ, ಮಹಾತ್ಮರ ಮನೆಗೆ ಮುನ್ನೂರೈವತ್ತು ಎಂಬ ಪ್ರಮಾಣವನ್ನು ನೋಡಿದರೆ ಅವರ ಬುದ್ಧಿ ಎತ್ತ ಇತ್ತೆಂದು ಕಾಣುತ್ತದೆ.

ಮಂಟಪದೊಳಗಿನ ಪ್ರಶ್ನೆ ಹೊರಗಿನದಕ್ಕಿಂತ ಬಿಗಿಯಾಗಿತ್ತು. ಚೌರೀಚೌರಾದ ನಂತರ ಅಸಹಕಾರ ಚಳವಳ ನಿಂತಿತ್ತು. ಚಿತ್ತರಂಜನ ದಾಸರೂ ಮೋತೀಲಾಲ ನೆಹರೂರವರೂ ಕೌನ್ಸಿಲುಗಳಲ್ಲಿ ಹೊಕ್ಕು ಹೋರಾಡಬೇಕೆಂದು ಸ್ವರಾಜ್ಯ ಪಕ್ಷವನ್ನು ಕಟ್ಟಿದ್ದರು; ಬದಲಾವಣೆ ಬೇಡವೆಂಬವರು ಅದನ್ನು ಒಪ್ಪಿರಲಿಲ್ಲ. ರಾಯರು ಈ ಎರಡನೆಯ ಗುಂಪಿನವರು. ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗಾಂಧಿ, ದಾಸ, ನೆಹರೂ ಇವರ ನಡುವೆ ಆದ ಒಪ್ಪಂದವನ್ನು ಬೆಳಗಾವಿ ಸ್ಥಿರಪಡಿಸಿತು. ಅಸಹಕಾರವನ್ನು ತಡೆಹಿಡಿಯುವದು, ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಕೌನ್ಸಿಲಿನ ಕೆಲಸ ನೋಡುವದು, ಪ್ರತಿಯೊಬ್ಬ ಸದಸ್ಯನೂ ತಿಂಗಳಿಗೆ 2,000 ಗಜ ನೂಲು ಕೊಡುವದು. ತನ್ನ ಮನೆಯ ಮಂಟಪದಲ್ಲಿಯೇ ತನ್ನ ಪಕ್ಷವು ಅರ್ಧ ನೆಲವನ್ನು ಬಿಟ್ಟುಕೊಡುವಾಗ ಯಜಮಾನನಾಗಿ ನಿಂತು ಎಲ್ಲರಿಗೂ ಸಮನಾಗಿ ಎಲೆ ಹಾಕಿಸುವದು ಸಣ್ಣ ಮನಸ್ಸಿನಿಂದಾಗುವ ಕೆಲಸವಲ್ಲ. ಸೂರತ್ತಿನ ಒಡಕನ್ನು ಬಲ್ಲ ರಾಯರಿಗೆ ಇನ್ನೊಂದು ಒಡಕಿನ ಬೆಲೆ ಗೊತ್ತಿತ್ತು. ಎಂಟು ವರ್ಷಗಳಲ್ಲಿ ಎರಡು ಸಲ ಕಾಂಗ್ರೆಸ್ಸಿನ ಬಿರುಕು ಬೆಳಗಾವಿಯಲ್ಲಿಯೇ ಕೂಡಿತು. ಎರಡು ಸಲವೂ ರಾಯರು ಅಲ್ಲಿದ್ದರು.

ನೂಲಿನ ನಿಬಂಧನೆಯಾದರೋ ನಡೆಯಲಿಲ್ಲ. ಒಂದು ವರ್ಷ ತುಂಬುವದರೊಳಗೆ, 1925ರ ಸಪ್ಟಂಬರದಲ್ಲಿ, ಪಾಟಣಾದಲ್ಲಿ ಅದನ್ನು ಸಡಿಲಿಸಿ ಹಣ ಇಲ್ಲವೆ ನೂಲು ಎಂದು ಮಾಡಿದರು. ಖಾದಿ ಕೆಲಸಕ್ಕೆಂದೇ ಅಖಿಲ ಭಾರತ ಚರಕಾ ಸಂಘವು ಬೇರೆಯಾಗಿ ಹುಟ್ಟಿತು. ಒಂದು ದೊಡ್ಡ ಸಂಸ್ಥೆಯು ತನ್ನ ನಿರ್ಣಯ ತಪ್ಪಿತೆಂದು ಒಂಬತ್ತು ತಿಂಗಳಲ್ಲಿ ಕಂಡುಕೊಂಡು, ಅದರ ತಿರುಳನ್ನು ಮಾತ್ರ ಬೇರೆ ಪಾತ್ರೆಗೆ ಹಾಕಿತೆಂಬುದನ್ನು ನಾವು ಸೋಲಿನ ಪಟ್ಟಿಯಲ್ಲಿ ಬರೆಯಲಾರೆವು.

ಅದೇ ವೇಳೆಗೆ ಬೆಳಗಾವಿಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕೂಡಿತು. ಹುಯಿಲಗೋಳ ನಾರಾಯಣರಾಯರ ನಾಡಗೀತವು ಮೊಳಗಿದ್ದೂ, ಮುಂದೆ ಗಾನಲೋಕದಲ್ಲಿ ಹೆಸರಾದ ಗಂಗೂಬಾಯಿ ಹಾನಗಲ್ಲರು ಪುಟ್ಟ ಹುಡುಗಿಯಾಗಿ ಗಾಂಧಿಯವರೆದುರಿಗೆ ಹಾಡಿದ್ದೂ ಆಗಲೇ. ಕಂಬಳಿಯವರು ಬ್ರಾಹ್ಮಣೇತರ ಚಳವಳದ ಮುಂದಾಳು. ಅಂದಿನ ಕಾಂಗ್ರೆಸ್ಸಿನ ಮುಂದಿನ ಸಾಲಿನಲ್ಲಿ ಒಂದೇ ವರ್ಗದವರು ಹೆಚ್ಚಾಗಿದ್ದರೆಂಬ ಆಕ್ಷೇಪ ಸುಳ್ಳಲ್ಲ. ರಾಯರ ಯೋಜನೆಯಲ್ಲಿ ಈ ಕೊರತೆ ಬಹಳ ದಿನ ಉಳಿಯಿತು.

ಬೆಳಗಾವಿಯ ಜಯಘೋಷ ಅಡಗಿದ ಮೇಲೆ ರಾಯರು ದಿಲ್ಲಿಯ ಕಡೆಗೆ ನೋಡದೆ ಹುದಲಿಯ ಕಡೆಗೆ ತಿರುಗಿದರು. ಸಮೀಪದ ಕುಮರಿಯಲ್ಲಿ ಆಶ್ರಮ, ಊರೂರಿಗೆ ನೂಲು, ಮಗ್ಗ, ಖಾದಿ ಭಂಡಾರ. ಖಾದಿ ಭಗೀರಥರೆಂಬ ಎರಡನೆಯ ಹೆಸರು ಬಂದದ್ದು ಈ ಕೆಲಸದಿಂದ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅವರು ಸೆರೆಮನೆ ಕಂಡರು. ನಾಯಕರು ಒಬ್ಬೊಬ್ಬರಾಗಿ ಬಂಧಿತರಾದರೂ ಅಂಕೋಲೆಯ ಕಡಲ ತೀರದಲ್ಲಿ ಕೆಲಸ ನಿಲ್ಲಲಿಲ್ಲ. 1937ರ ಎಪ್ರಿಲಿನಲ್ಲಿ ಗಾಂಧೀ ಸೇವಾ ಸಂಘದ ವಾರ್ಷಿಕ ಸಮ್ಮೇಲನವು ಹುದಲಿಯಲ್ಲಿಯೇ ನಡೆಯಿತು. ಗಾಂಧಿಯವರು ಬಂದು ಹಳ್ಳಿಯಲ್ಲಿ ಇದ್ದರು. ಅದೇ ವರ್ಷ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳಾದವು, ರಾಯರು ಮಂತ್ರಿಯಾಗಲಿಲ್ಲ. ಹುದಲಿಯಲ್ಲಿ ಖಾದಿಯ ನೂಲುವಿಕೆ ನೇಯ್ಗೆಗಳು ಇಂದೂ ನಡೆದಿವೆ. ಖಾನಾಪುರದ ಜೇಡಿಮಣ್ಣನ್ನು ನಂಬಿ ಸ್ವತಂತ್ರ ಭಾರತದಲ್ಲಿ ಅಲ್ಲಿ ನಿಂತ ಖಾದಿ ಗ್ರಾಮೋದ್ಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನು ನೋಡಿದಾಗಲೂ ನಮಗೆ ಈ ವಂಶವೇ ನೆನಪಾಗುತ್ತದೆ.

ಕರ್ನಾಟಕವು 1956ರ ನವೆಂಬರ 1ರಂದು ಒಂದಾದುದನ್ನು ಕಣ್ಣಾರೆ ಕಂಡು, 1960ನೆಯ ಜುಲೈ 30ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ರಾಯರು ತೀರಿಕೊಂಡರು. ಅಧಿವೇಶನದ ಶತಮಾನೋತ್ಸವವನ್ನು 2024ರ ಡಿಸೆಂಬರದಲ್ಲಿ ನಮ್ಮ ನಗರವು ದೀಪಾಲಂಕಾರದಿಂದ ಆಚರಿಸಿತು. ವಿಜಯನಗರದ ಡೇರೆ ಬಿದಿರುಗಳು ಎಂದೋ ಹೋದವು. ಕಲ್ಲು ಕಟ್ಟಿದ ಬಾವಿ ಇದೆ, ಪಕ್ಕದಲ್ಲಿ ವೀರಸೌಧವಿದೆ.

ಆ ಸಂಜೆ ಬಾವಿಯ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದು, ಖಾನಾಪುರದ ಸಂಸ್ಥೆಯ ಕಾರ್ಯದರ್ಶಿಗಳಿಗೆ ಮಾಸ್ತರರ ಪ್ರಶ್ನೆಯನ್ನು ನೆನಪಿಸಿ ಒಂದು ಪತ್ರ ಬರೆದೆವು. ಮೊನ್ನೆ ಉತ್ಸವದ ಆಮಂತ್ರಣ ಪತ್ರಿಕೆ ನಮ್ಮ ಕಚೇರಿಗೆ ಬಂದಿದೆ. ಮುದ್ರಣ ಅಚ್ಚುಕಟ್ಟಾಗಿದೆ, ನಮ್ಮ ಹೆಸರು ಐದನೆಯದು. ಪತ್ರಕ್ಕೆ ಉತ್ತರ ಇನ್ನೂ ಬರಬೇಕಾಗಿದೆ.