ನಾಲ್ಕಂಗುಲದ ಲೋಕಮಾನ್ಯರು

ಗಣಪತಿ ಹಬ್ಬದ ದೃಶ್ಯಕ್ಕೆ ಮಣ್ಣಿನಲ್ಲಿ ಮಾಡಿದ ಬಾಲಗಂಗಾಧರ ತಿಲಕರ ಗೊಂಬೆಗೆ ಬಣ್ಣ ಹಚ್ಚೋದು ಸುಲಭ ಅಂತ ಎಲ್ಲರೂ ತಿಳಿದಿರುತ್ತಾರೆ. ಕೆಂಪು ಪುಣೇರಿ ಪಗಡಿ, ಬಿಳಿ ಅಂಗರಖಾ, ಹೆಗಲಿಗೊಂದು ಶಲ್ಯ, ಮುಗೀತು. ನಾಲ್ಕಂಗುಲದ ಗೊಂಬೆಯಾದರೂ ಮುಂಬಯಿಯ ಯಾವ ಹುಡುಗನೂ ಗುರುತು ಹಿಡಿಯುತ್ತಾನೆ. ಆದರೆ ಮೀಸೆಯ ಹತ್ತಿರ ಬಂದಾಗ ಕುಂಚ ನಿಲ್ಲುತ್ತದೆ. ಕಪ್ಪೋ ಬಿಳಿಯೋ? ಅದು ಯಾವ ವರ್ಷದ ತಿಲಕರು ಅನ್ನೋದರ ಮೇಲಿದೆ. ನಮ್ಮ ಚಾಳಿನ ಮಂಡಳದವರಿಗಂತೂ ಕಪ್ಪೇ ಬೇಕಿತ್ತು.

ಕಪ್ಪು ಮೀಸೆಯ ತಿಲಕರ ಖಾತೆ ದೊಡ್ಡದು. 1856ರ ಜುಲೈ 23ರಂದು ರತ್ನಾಗಿರಿಯಲ್ಲಿ ಹುಟ್ಟಿ, ಪುಣೆಯಲ್ಲಿ ಗಣಿತ ಓದಿದರು, ಕಾಯಿದೆಯನ್ನೂ ಓದಿದರು. ವಕೀಲಿ ಮಾಡಿ ದುಡ್ಡು ಕಾಣಬಹುದಿತ್ತು. 1880ರಲ್ಲಿ ಗೆಳೆಯರ ಜೊತೆ ಶಾಲೆ ತೆರೆದರು, ಮರುವರ್ಷ 'ಕೇಸರಿ' ಪತ್ರಿಕೆ. 1891ರಲ್ಲಿ ಹುಡುಗಿಯರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಕಾಯಿದೆಯನ್ನು ಅವರು ವಿರೋಧಿಸಿದ್ದು ಮಾತ್ರ ನನಗೆ ಒಪ್ಪೋಕಾಗೋದಿಲ್ಲ. ಪರಕೀಯ ಸರ್ಕಾರ ನಮ್ಮ ಮನೆಯೊಳಗೆ ಕೈ ಹಾಕಬಾರದೆಂಬ ವಾದದಿಂದ ಆ ಮಕ್ಕಳಿಗೇನಾಯಿತು? 1893ರಿಂದ ಗಣಪತಿಯನ್ನು ಮನೆಯಿಂದ ಬೀದಿಗೆ ತರುವ ಕೆಲಸಕ್ಕೆ ನಿಂತರು. 1897ರಲ್ಲಿ ರಾಜದ್ರೋಹಕ್ಕೆ 18 ತಿಂಗಳ ಶಿಕ್ಷೆ.

1908ರ ಜೂನಿನಲ್ಲಿ ಮುಂಬಯಿಯ ಸರ್ದಾರ್ ಗೃಹದಲ್ಲಿ ಮತ್ತೆ ಹಿಡಿದರು. ಮುಜಫರಪುರದ ಬಾಂಬಿನ ಬಗ್ಗೆ ಕೇಸರಿಯಲ್ಲಿ ಬಂದ ಲೇಖನಗಳೇ ಅಪರಾಧ. ಹೈಕೋರ್ಟಿನಲ್ಲಿ ತಮ್ಮ ಪರವಾಗಿ ತಾವೇ ವಾದಿಸಿದರು, ಒಂದಲ್ಲ ಎರಡಲ್ಲ, ಒಟ್ಟು 21 ಗಂಟೆಗಳಷ್ಟು! ಜ್ಯೂರಿಯ ಒಂಬತ್ತು ಜನರಲ್ಲಿ ಏಳು ಮಂದಿ ತಪ್ಪಿತಸ್ಥರೆಂದರು, ಇಬ್ಬರು ಅಲ್ಲವೆಂದರು. ಜುಲೈ 22ರ ರಾತ್ರಿ ತೀರ್ಪು: ಆರು ವರ್ಷ ಗಡಿಪಾರು, 1000 ರೂಪಾಯಿ ದಂಡ. ಮಿಲ್ಲುಗಳ ಕೂಲಿಕಾರರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ಬಿಟ್ಟರು. ಪತ್ರಿಕೆ ಓದೋಕೆ ಬಾರದವರೇ ಅವರಲ್ಲಿ ಬಹಳ ಮಂದಿ ಇದ್ದಿರಬೇಕು. ಅವರ ಒಂದು ದಿನದ ಪಗಾರದ ಮುಂದೆ ಆ ಸಾವಿರ ರೂಪಾಯಿ ಏನು ಮಹಾ?

ಬರ್ಮಾದ ಮಂಡಾಲೆ ಜೈಲಿನಲ್ಲಿ ಮಧುಮೇಹ, ಒಂಟಿತನ. 1912ರಲ್ಲಿ ಹೆಂಡತಿ ಸತ್ಯಭಾಮಾಬಾಯಿ ತೀರಿಕೊಂಡ ಸುದ್ದಿಯನ್ನೂ ಅಲ್ಲೇ ಕೇಳಬೇಕಾಯ್ತು. 'ಗೀತಾರಹಸ್ಯ'ವನ್ನು ಪೆನ್ಸಿಲಿನಲ್ಲಿ ಬರೆದದ್ದು ಆ ಕೋಣೆಯಲ್ಲೇ. ಆಮೇಲೆ ಅದನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರು ವೆಂಕಟರಾಯರು. 1914ರಲ್ಲಿ ಬಿಡುಗಡೆಯಾಗಿ ಬಂದವರ ಮೀಸೆ ಚಿತ್ರಗಳಲ್ಲಿ ಮೊದಲಿನಂತಿಲ್ಲ. ಗೊಂಬೆಗೆ ನಾನು ಬಿಳಿಗೆ ತುಸು ಕಪ್ಪು ಬೆರೆಸಿ ಬೂದು ಹಚ್ಚಿದೆ. ಮಂಡಳದವರು ತಿಲಕರನ್ನು ಮುದುಕ ಮಾಡಿದೆ ಅಂದರು. ಮಾಡಿದ್ದು ನಾನಲ್ಲ, ಆ ಆರು ವರ್ಷ.

ಆದರೆ ಮುದುಕರಾದ ಮೇಲೂ ಸುಮ್ಮನೆ ಕೂತವರಲ್ಲ. 1916ರ ಏಪ್ರಿಲಿನಲ್ಲಿ ನಮ್ಮ ಬೆಳಗಾವಿಯಲ್ಲೇ ಹೋಂ ರೂಲ್ ಲೀಗ್ ಶುರುಮಾಡಿದರು. ಅದೇ ವರ್ಷ ಲಖನೌದಲ್ಲಿ ಕಾಂಗ್ರೆಸ್ಸಿಗೂ ಮುಸ್ಲಿಂ ಲೀಗಿಗೂ ಒಪ್ಪಂದ ಕುದುರಿಸುವವರಲ್ಲಿ ಮುಂದೆ ನಿಂತರು.

1920ರ ಆಗಸ್ಟ್ 1ರಂದು, ಹಿಂದೆ ಪೊಲೀಸರು ಹಿಡಿದಿದ್ದ ಅದೇ ಸರ್ದಾರ್ ಗೃಹದಲ್ಲಿ ತೀರಿಕೊಂಡರು. ಜನ ಮಳೆಯಲ್ಲೇ ಹಿಂದೆ ನಡೆದರು. ಸ್ಮಶಾನವಲ್ಲದ ಚೌಪಾಟಿಯ ಮರಳಿನಲ್ಲಿ ದಹನಕ್ಕೆ ಅನುಮತಿ ಸಿಕ್ಕಿತು. ಅಲ್ಲೀಗ ಅವರ ಪ್ರತಿಮೆ ಇದೆ. ಗಿರಗಾಂವಿನ ಗಣಪತಿಗಳು ನೀರಿಗಿಳಿಯುವುದೂ ಅಲ್ಲೇ.