ವರ್ಷಕ್ಕೆ ಐವತ್ತು ಫಾರಂ: ಮ್ಯಾಕ್ಸ್ ಮುಲ್ಲರ್ ಅವರ ಋಗ್ವೇದ ಸಂಪಾದನೆ ಮತ್ತು ಆಶ್ರಯದ ಪ್ರಶ್ನೆ

ಪ್ರಾಚೀನ ಕನ್ನಡ ಸಾಹಿತ್ಯದ ಅಧ್ಯಯನದಲ್ಲಿ ಆಶ್ರಯ ಎಂಬುದು ಬಹುಚರ್ಚಿತ ಪರಿಕಲ್ಪನೆ. ಪಂಪನಿಗೆ ಅರಿಕೇಸರಿಯೊಡನೆ ಇದ್ದ ಸಂಬಂಧವನ್ನೂ ರನ್ನನಿಗೆ ಅತ್ತಿಮಬ್ಬೆಯೊಡನೆ ಇದ್ದ ಸಂಬಂಧವನ್ನೂ ನಮ್ಮ ವಿಮರ್ಶಕರು ಹಲವು ನೆಲೆಗಳಲ್ಲಿ ವಿವೇಚಿಸಿದ್ದಾರೆ. ಆದರೆ ಆಧುನಿಕ ವಿದ್ವಾಂಸನ ಆಶ್ರಯ, ಅಂದರೆ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಹೊರಗಿನ ಸಂಸ್ಥೆಗೆ ಅರ್ಜಿ ಬರೆದು ಪಡೆಯುವ ಧನಸಹಾಯ, ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಅದನ್ನು ಕಚೇರಿಯ ವ್ಯವಹಾರವೆಂದು ಬದಿಗಿಡುವುದೇ ರೂಢಿ. ಈ ಹಿನ್ನೆಲೆಯಲ್ಲಿ ಫ್ರೀಡ್ರಿಖ್ ಮ್ಯಾಕ್ಸ್ ಮುಲ್ಲರ್ (1823–1900) ಅವರ ಜೀವನವನ್ನು, ಮುಖ್ಯವಾಗಿ ಋಗ್ವೇದ ಸಂಪಾದನೆಗೆ ಅವರು ಹಣ ಹೊಂದಿಸಿದ ಬಗೆಯನ್ನು, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುಲ್ಲರ್ ನಮ್ಮಲ್ಲಿ ಎರಡು ಚಿತ್ರಗಳಾಗಿ ಉಳಿದಿದ್ದಾರೆ. ಒಂದು, ಸಂಸ್ಕೃತ ಪಂಡಿತರು ಗೌರವದಿಂದ ನೆನೆಯುವ ಭಟ್ಟ ಮೋಕ್ಷಮೂಲರ. ಇನ್ನೊಂದು, ಈಸ್ಟ್ ಇಂಡಿಯಾ ಕಂಪನಿಯಿಂದ ಸಂಬಳ ಪಡೆದು ವೇದಗಳನ್ನು ಕೀಳುಗಳೆಯಲು ಹೊರಟ ಪಾಶ್ಚಾತ್ಯ. ಎರಡನೆಯ ಚಿತ್ರದಲ್ಲಿ ಹಣದ ಪ್ರಸ್ತಾಪವೇನೋ ಇದೆ. ಆದರೆ ಆ ಹಣ ಯಾವ ಕರಾರಿನ ಮೇಲೆ ಬಂದಿತು, ಎಷ್ಟು ಬಂದಿತು, ಅದರಿಂದ ಏನಾಯಿತು ಎಂಬುದನ್ನು ವಿಚಾರಿಸುವ ತಾಳ್ಮೆ ಇಲ್ಲ.

1823ರ ಡಿಸೆಂಬರ್ 6ರಂದು ಜರ್ಮನಿಯ ಡೆಸ್ಸೌ ಎಂಬ ಸಣ್ಣ ಸಂಸ್ಥಾನದ ರಾಜಧಾನಿಯಲ್ಲಿ ಮುಲ್ಲರ್ ಜನಿಸಿದರು. ತಂದೆ ವಿಲ್ಹೆಲ್ಮ್ ಮುಲ್ಲರ್ ಕವಿ. ಸಂಗೀತಗಾರ ಶೂಬರ್ಟ್ ರಾಗ ಸಂಯೋಜಿಸಿದ ಪ್ರಸಿದ್ಧ ಗೀತಮಾಲೆಗಳು ಅವರ ರಚನೆಗಳು. ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ, 1827ರಲ್ಲಿ, ತಂದೆ ತೀರಿಕೊಂಡರು. ಬಡತನದಲ್ಲಿಯೇ ಬೆಳೆದ ಹುಡುಗ ಲೈಪ್‌ಜಿಗ್ ವಿಶ್ವವಿದ್ಯಾಲಯ ಸೇರಿ 1843ರಲ್ಲಿ, ಇಪ್ಪತ್ತು ತುಂಬುವ ಮುನ್ನವೇ, ಸ್ಪಿನೋಜಾನ ನೀತಿಶಾಸ್ತ್ರವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಮರುವರ್ಷ ಬರ್ಲಿನ್ನಿನಲ್ಲಿ ಬಾಪ್ ಮತ್ತು ಶೆಲಿಂಗ್ ಅವರ ಉಪನ್ಯಾಸಗಳನ್ನು ಕೇಳಿದರು. 1845ರಲ್ಲಿ ಪ್ಯಾರಿಸ್ಸಿಗೆ ಹೋದುದು ಅವರ ಬದುಕಿನ ದಿಕ್ಕನ್ನು ಬದಲಿಸಿತು. ಅಲ್ಲಿ ಯೂಜೀನ್ ಬರ್ನೂಫ್ ಎಂಬ ವಿದ್ವಾಂಸರು ಋಗ್ವೇದ ಸಂಹಿತೆಯನ್ನು ಸಾಯಣಭಾಷ್ಯದೊಡನೆ ಸಮಗ್ರವಾಗಿ ಸಂಪಾದಿಸಬೇಕೆಂದು ಈ ತರುಣನನ್ನು ಪ್ರೇರೇಪಿಸಿದರು. ಅದಕ್ಕೆ ಮೊದಲು ಫ್ರೀಡ್ರಿಖ್ ರೋಸೆನ್ ಕೈಗೊಂಡಿದ್ದ ಸಂಪಾದನೆ ಆತನ ಅಕಾಲಮರಣದಿಂದ ನಿಂತುಹೋಗಿ, ಮೊದಲ ಅಷ್ಟಕವೊಂದೇ 1838ರಲ್ಲಿ ಪ್ರಕಟವಾಗಿತ್ತು.

ಇಲ್ಲಿ ಸಾಯಣನ ಬಗ್ಗೆ ಒಂದು ಮಾತು ಅಗತ್ಯ. ಸಾಯಣಭಾಷ್ಯವೂ ಆಶ್ರಯದಿಂದಲೇ ಹುಟ್ಟಿದ ಕೃತಿ. ಸಾಯಣನು ವಿಜಯನಗರದ ಒಂದನೆಯ ಬುಕ್ಕ ಮತ್ತು ಎರಡನೆಯ ಹರಿಹರರ ಕಾಲದಲ್ಲಿ ಮಂತ್ರಿಯಾಗಿದ್ದವನು. ಅಷ್ಟು ವಿಸ್ತಾರವಾದ ಕೆಲಸ ಒಬ್ಬನಿಂದಲೇ ಆದುದಲ್ಲವೆಂದು ಊಹಿಸಲು ಶಾಸನಾಧಾರವೂ ಉಂಟು. 1386ರ ಹರಿಹರನ ತಾಮ್ರಶಾಸನವೊಂದು, ವೇದಭಾಷ್ಯಗಳ ಪ್ರವರ್ತಕರೆಂದು ನಾರಾಯಣ ವಾಜಪೇಯಯಾಜಿ, ನರಹರಿ ಸೋಮಯಾಜಿ, ಪಂಢರಿ ದೀಕ್ಷಿತ ಎಂಬ ಮೂವರನ್ನು ಹೆಸರಿಸಿ ಅವರಿಗೆ ವಿದ್ಯಾರಣ್ಯರ ಸಮಕ್ಷಮದಲ್ಲಿ ಅಗ್ರಹಾರ ದಾನ ನೀಡಿದುದನ್ನು ದಾಖಲಿಸುತ್ತದೆ. ಕೃತಿಯ ಮೇಲೆ ಸಾಯಣನ ಹೆಸರೊಂದೇ ಉಳಿದರೂ ದುಡಿದವರ ಹೆಸರನ್ನು ಶಾಸನವು ಉಳಿಸಿಕೊಂಡಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಪ್ಯಾರಿಸ್ಸಿನಲ್ಲಿ ಮುಲ್ಲರ್ ಬಳಿ ಹಣವಿರಲಿಲ್ಲ. ಇತರರಿಗಾಗಿ ಹಸ್ತಪ್ರತಿಗಳನ್ನು ನಕಲು ಮಾಡಿಕೊಟ್ಟು ಬಂದ ಅಲ್ಪ ಸಂಪಾದನೆಯಲ್ಲಿ ದಿನ ಕಳೆಯುತ್ತಿದ್ದರು. ಒಂದು ರಾತ್ರಿ ಪೂರ್ಣ ಎಚ್ಚರವಿದ್ದು, ಮರುರಾತ್ರಿ ಉಟ್ಟ ಬಟ್ಟೆಯಲ್ಲೇ ಎರಡು ಮೂರು ಗಂಟೆ ಮಲಗಿ ಬರೆಯುತ್ತಿದ್ದುದನ್ನು ಮುಂದೆ ಆತ್ಮಕಥೆಯಲ್ಲಿ ಅವರು ಸ್ಮರಿಸಿಕೊಂಡಿದ್ದಾರೆ. ಇಂತಹ ಬೃಹತ್ ಗ್ರಂಥಕ್ಕೆ ಖಾಸಗಿ ಪ್ರಕಾಶಕರು ಬಂಡವಾಳ ಹೂಡುವುದು ಅಸಾಧ್ಯವಾಗಿತ್ತು. ರಷ್ಯಾದ ಪೀಟರ್ಸ್‌ಬರ್ಗ್ ಅಕಾಡೆಮಿಯೊಡನೆ ವಿದ್ವಾಂಸ ಬೋಟ್‌ಲಿಂಕ್ ಅವರ ಮೂಲಕ ನಡೆದ ಮಾತುಕತೆ ಫಲಿಸಲಿಲ್ಲ. 1846ರ ಜೂನ್‌ನಲ್ಲಿ, ಕಂಪನಿಯ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಗಳನ್ನು ನೋಡಿಕೊಂಡು ಕೆಲವೇ ವಾರಗಳಲ್ಲಿ ಮರಳುವ ಉದ್ದೇಶದಿಂದ ಮುಲ್ಲರ್ ಲಂಡನ್ನಿಗೆ ಬಂದರು. ಆ ಕೆಲವು ವಾರಗಳು ಐವತ್ತನಾಲ್ಕು ವರ್ಷಗಳಾದವು.

ಲಂಡನ್ನಿನಲ್ಲಿ ಅವರಿಗೆ ಇಬ್ಬರು ನೆರವಾದರು. ಒಬ್ಬರು ಪ್ರಷ್ಯಾದ ರಾಯಭಾರಿ ಬ್ಯಾರನ್ ಬನ್ಸೆನ್. ಇನ್ನೊಬ್ಬರು ಕಂಪನಿಯ ಗ್ರಂಥಪಾಲಕರೂ ಆಕ್ಸ್‌ಫರ್ಡಿನ ಬೋಡನ್ ಸಂಸ್ಕೃತ ಪ್ರಾಧ್ಯಾಪಕರೂ ಆಗಿದ್ದ ಎಚ್. ಎಚ್. ವಿಲ್ಸನ್. ಅರ್ಜಿದಾರನ ವಯಸ್ಸು ಇಪ್ಪತ್ತಮೂರು, ವಿದೇಶಿ, ಕೈಯಲ್ಲಿ ಹುದ್ದೆಯಿಲ್ಲ. ಹೀಗಿರುವಾಗ ಅರ್ಜಿಯ ತೂಕವೆಲ್ಲ ಶಿಫಾರಸಿನ ಮೇಲೆಯೇ ನಿಂತಿತ್ತು. 1846ರ ಡಿಸೆಂಬರ್‌ನಿಂದ ನಿರ್ದೇಶಕ ಮಂಡಳಿಯ ಮುಂದಿದ್ದ ವಿಷಯ 1847ರ ಏಪ್ರಿಲ್‌ನಲ್ಲಿ ಇತ್ಯರ್ಥವಾಯಿತು. ಮುದ್ರಣದ ವೆಚ್ಚವನ್ನು ಕಂಪನಿ ಭರಿಸುವುದು. ಸಂಪಾದಕನು ವರ್ಷಕ್ಕೆ ಐವತ್ತು ಫಾರಂಗಳಷ್ಟು ಪ್ರತಿಯನ್ನು ಅಚ್ಚಿಗೆ ಸಿದ್ಧಪಡಿಸಿ ಒಪ್ಪಿಸುವುದು. ಅದಕ್ಕೆ ಫಾರಂಗೆ ನಾಲ್ಕು ಪೌಂಡಿನಂತೆ ವರ್ಷಕ್ಕೆ 200 ಪೌಂಡು. ತಾಯಿಗೆ ಈ ಸುದ್ದಿಯನ್ನು ಬರೆದ ಪತ್ರದಲ್ಲಿ ಅವರ ಸಂತೋಷ ಉಕ್ಕಿ ಹರಿದಿದೆ.

ಈ ಮಂಜೂರಾತಿಯ ಹಿಂದಿನ ಕಾರಣವನ್ನು ಮಂಡಳಿ ಬಚ್ಚಿಡಲಿಲ್ಲ. ತನ್ನ ಭಾರತೀಯ ಪ್ರಜೆಗಳಲ್ಲಿ ಬಹುಪಾಲು ಜನರ ಪ್ರಾಚೀನ ಧರ್ಮ, ಚರಿತ್ರೆ, ಭಾಷೆಗಳಿಗೆ ಸಂಬಂಧಿಸಿದ ಕೃತಿಯಾದುದರಿಂದ ಇದು ಕಂಪನಿಯ ಪೋಷಣೆಗೆ ವಿಶೇಷವಾಗಿ ಅರ್ಹವೆಂಬುದು ಅದರ ನಿಲುವು. ಆಳುವವರಿಗೆ ಆಳಿಸಿಕೊಳ್ಳುವವರ ಗ್ರಂಥ ಬೇಕಾಗಿತ್ತು ಎಂಬುದು ಸ್ಪಷ್ಟ. ಜ್ಞಾನ ಮತ್ತು ಅಧಿಕಾರಗಳ ಸಂಬಂಧವನ್ನು ಕುರಿತು ಕಳೆದ ಶತಮಾನದ ಕೊನೆಯಿಂದ ನಡೆದಿರುವ ಚರ್ಚೆಗೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ಆದರೆ ಧನದಾತನ ಉದ್ದೇಶವೇ ಸಂಶೋಧಕನ ಉದ್ದೇಶವೆಂದು ತೀರ್ಮಾನಿಸುವುದು ಆತುರವಾಗುತ್ತದೆ. ಮುಲ್ಲರ್ ಹೆಂಡತಿಗೆ ಬರೆದ, 1902ರಲ್ಲಿ ಆಕೆಯೇ ಪ್ರಕಟಿಸಿದ ಪತ್ರಸಂಗ್ರಹದಲ್ಲಿರುವ ಕೆಲವು ಮಾತುಗಳು ಕ್ರೈಸ್ತಧರ್ಮದ ಪರವಾಗಿ ವಾಲುತ್ತವೆ ಎಂಬುದು ನಿಜ. ಆದರೆ ಸಂಪಾದನೆಯ ಪುಟಗಳಲ್ಲಿ ಕಾಣುವುದು ಬೇರೆ: ಹಸ್ತಪ್ರತಿಗಳನ್ನು ಕುಲಗಳಾಗಿ ವಿಂಗಡಿಸಿ, ಪಾಠಾಂತರಗಳನ್ನು ತೂಗಿ, ಸಾಯಣನು ಉದ್ಧರಿಸಿದ ವಾಕ್ಯಗಳ ಆಕರಗಳನ್ನು ಹುಡುಕಿದ ಶ್ರಮ. ಗ್ರಂಥಸಂಪಾದನೆಯ ತರಬೇತಿ ಪಡೆದ ಯಾರೇ ಆಗಲಿ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾರರು.

1848ರ ಫೆಬ್ರವರಿಯಲ್ಲಿ ಮುಲ್ಲರ್ ಪ್ಯಾರಿಸ್ಸಿನಲ್ಲಿದ್ದಾಗ ಕ್ರಾಂತಿ ಸ್ಫೋಟಗೊಂಡು, ಅವರು ಹಸ್ತಪ್ರತಿಗಳನ್ನು ಉಳಿಸಿಕೊಂಡು ಲಂಡನ್ನಿಗೆ ಮರಳಬೇಕಾಯಿತು. ಅದೇ ವರ್ಷ ಮುದ್ರಣದ ಮೇಲ್ವಿಚಾರಣೆಗೆಂದು ಆಕ್ಸ್‌ಫರ್ಡಿನಲ್ಲಿ ನೆಲೆಸಿದರು. ಮೊದಲ ಸಂಪುಟ 1849ರಲ್ಲಿ ಹೊರಬಂದಿತು. ಅನಂತರದ ಸಂಪುಟಗಳ ವರ್ಷಗಳನ್ನು ಸಾಲಾಗಿ ನೋಡಿದರೆ ಕರಾರಿನ ಗತಿ ಗೊತ್ತಾಗುತ್ತದೆ: 1854, 1856, 1862, 1872, 1874. ಆರು ಸಂಪುಟಗಳಿಗೆ ಇಪ್ಪತ್ತೈದು ವರ್ಷ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಹತ್ತು ವರ್ಷ. ಈ ನಡುವೆ ಹಣ ಕೊಟ್ಟ ಕಂಪನಿಯ ಆಳ್ವಿಕೆಯೇ 1858ರಲ್ಲಿ ಕೊನೆಗೊಂಡು, ಹೊಣೆ ಭಾರತ ಕಾರ್ಯದರ್ಶಿಯ ಕಚೇರಿಗೆ ವರ್ಗವಾಯಿತು. ಕೃತಿ ಆಶ್ರಯದಾತನಿಗಿಂತ ದೀರ್ಘಾಯುವಾಯಿತು.

ವಿಳಂಬಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೊರಗಿನ ಹಣ ಗ್ರಂಥಕ್ಕೆ ಬಂದಿತೇ ಹೊರತು ಅವರಿಗೆ ಸಂಸ್ಕೃತದ ಪೀಠವನ್ನು ತರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಅವರು ಟೇಲರಿಯನ್ ಸಂಸ್ಥೆಯಲ್ಲಿ ಆಧುನಿಕ ಯುರೋಪಿಯನ್ ಭಾಷೆಗಳನ್ನು ಬೋಧಿಸುತ್ತಿದ್ದರು. 1854ರಲ್ಲಿ ಆ ವಿಷಯಕ್ಕೇ ಪೂರ್ಣ ಪ್ರಾಧ್ಯಾಪಕರಾದರು. ಪಾಠ ಒಂದು, ಸಂಶೋಧನೆ ಇನ್ನೊಂದು. 1860ರಲ್ಲಿ ವಿಲ್ಸನ್ ನಿಧನರಾದಾಗ ತೆರವಾದ ಬೋಡನ್ ಪೀಠಕ್ಕೆ ಮುಲ್ಲರ್ ಸ್ಪರ್ಧಿಸಿದರು. ಈ ಪೀಠವೂ ಹೊರಗಿನ ಹಣದಿಂದ ಸ್ಥಾಪಿತವಾದುದೇ. ಮುಂಬಯಿ ಸೇನೆಯಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ಜೋಸೆಫ್ ಬೋಡನ್ ತನ್ನ ಉಯಿಲಿನಲ್ಲಿ ಬೈಬಲ್ಲನ್ನು ಸಂಸ್ಕೃತಕ್ಕೆ ತಂದು ಭಾರತೀಯರನ್ನು ಮತಾಂತರಿಸಲು ನೆರವಾಗಲೆಂದು ಈ ದತ್ತಿಯನ್ನು ಇಟ್ಟಿದ್ದನು. ಪ್ರತಿಸ್ಪರ್ಧಿ ಮೋನಿಯರ್ ವಿಲಿಯಮ್ಸ್ ದಾನಿಯ ಆಶಯಕ್ಕೆ ತಾನೇ ತಕ್ಕವನೆಂದು ಪ್ರಚಾರ ಮಾಡಿದರು. ವಿಶ್ವವಿದ್ಯಾಲಯದ ಪದವೀಧರರು ಮತ ಹಾಕಿ ಆರಿಸುವ ಹುದ್ದೆ ಅದು. ಡಿಸೆಂಬರ್ 7ರಂದು ಎಣಿಕೆಯಾದಾಗ ವಿಲಿಯಮ್ಸ್ ಅವರಿಗೆ 833, ಮುಲ್ಲರ್ ಅವರಿಗೆ 610. ಋಗ್ವೇದವನ್ನು ಸಂಪಾದಿಸುತ್ತಿದ್ದವರಿಗೆ ಸಂಸ್ಕೃತದ ಪೀಠ ತಪ್ಪಿತು. ವೇದಗಳನ್ನು ಹಾಳುಗೆಡವಲು ನಿಯುಕ್ತರಾದವರೆಂದು ನಮ್ಮಲ್ಲಿ ಕೆಲವರು ಬಣ್ಣಿಸುವ ವ್ಯಕ್ತಿ, ಕ್ರೈಸ್ತನಿಷ್ಠೆ ಸಾಲದೆಂಬ ಶಂಕೆಗೂ ಜರ್ಮನನೆಂಬ ಕಾರಣಕ್ಕೂ ಅಲ್ಲಿ ಸೋತರು ಎಂಬುದು ವಿಪರ್ಯಾಸ.

ಈ ಲೇಖಕನಿಗೂ ಇಂತಹ ಅರ್ಜಿಯ ಅನುಭವವಿದೆ. ಶಾಸನವೊಂದರ ಪಾಠವನ್ನು ಮರುಪರಿಶೀಲಿಸುವ ಕಿರುಯೋಜನೆಯ ನಮೂನೆಯಲ್ಲಿ, ತ್ರೈಮಾಸಿಕವಾಗಿ ಸಾಧಿಸುವ ಗುರಿಗಳನ್ನು ಅಂಕಿಗಳಲ್ಲಿ ತುಂಬಬೇಕೆಂಬ ಅಂಕಣವಿತ್ತು. ಒಂದು ಸವೆದ ಅಕ್ಷರದ ಮುಂದೆ ಎಷ್ಟು ದಿನ ಕೂರಬೇಕಾದೀತೆಂದು ತಿಳಿಯದೆ ನಾನೂ ಒಂದು ಸಂಖ್ಯೆಯನ್ನು ಬರೆದೆ. ಮುಲ್ಲರ್ ಅವರ ಐವತ್ತು ಫಾರಂ ಕೂಡ ಅಂಥದೇ ಒಂದು ಸಂಖ್ಯೆಯಾಗಿದ್ದಿರಬೇಕೆಂದು ಈಗ ಅನ್ನಿಸುತ್ತದೆ.

ಸೋಲಿನ ನಂತರ ಮುಲ್ಲರ್ ಅವರ ಆಸಕ್ತಿ ಭಾಷಾವಿಜ್ಞಾನ ಮತ್ತು ಧರ್ಮಗಳ ತೌಲನಿಕ ಅಧ್ಯಯನದ ಕಡೆಗೆ ಹೆಚ್ಚು ಹರಿಯಿತು. 1861 ಮತ್ತು 1863ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನೀಡಿದ ಉಪನ್ಯಾಸಗಳು ಅವರಿಗೆ ಅಪಾರ ಜನಪ್ರಿಯತೆ ತಂದವು. ಆದರೆ ಋಗ್ವೇದ ಕಾಯಬೇಕಾಯಿತು. ಇದೇ ಅವಧಿಯಲ್ಲಿ ಇನ್ನೊಂದು ಘಟನೆ ನಡೆಯಿತು. 1852ರಿಂದ ಆಕ್ಸ್‌ಫರ್ಡಿನಲ್ಲಿ ಮುಲ್ಲರ್ ಅವರಿಗೆ ಸಹಾಯಕರಾಗಿ ದುಡಿದಿದ್ದ ಥಿಯೊಡೋರ್ ಔಫ್ರೆಖ್ಟ್ ಭಾಷ್ಯವಿಲ್ಲದ ಋಗ್ವೇದದ ಪೂರ್ಣ ಪಾಠವನ್ನು ರೋಮನ್ ಲಿಪಿಯಲ್ಲಿ 1861–63ರಲ್ಲಿ ಬರ್ಲಿನ್ನಿನಿಂದ ಪ್ರಕಟಿಸಿದರು. ಧನಸಹಾಯವಿದ್ದ ಆವೃತ್ತಿ ಮುಗಿಯುವ ಹನ್ನೊಂದು ವರ್ಷ ಮೊದಲೇ ಸಮಗ್ರ ಸಂಹಿತೆ ಓದುಗರಿಗೆ ಸಿಕ್ಕಂತಾಯಿತು. ಮುಲ್ಲರ್ ಆವೃತ್ತಿಯಲ್ಲಿ ಸಹಾಯಕರ ಪಾಲೆಷ್ಟು ಎಂಬ ವಾಗ್ವಾದ ಬಹುಕಾಲ ನಡೆಯಿತು. ನಾರಾಯಣ ವಾಜಪೇಯಯಾಜಿ ಮೊದಲಾದವರನ್ನು ಮೇಲೆ ಹೆಸರಿಸಿದುದು ಇದೇ ಕಾರಣಕ್ಕೆ. ಹರಿಹರನ ದಾನ ನೇರವಾಗಿ ಆ ಮೂವರ ಹೆಸರಿಗೇ ಬಂದಿತು. ಕಂಪನಿಯ ಕರಾರಿನಲ್ಲಿ ಇದ್ದುದು ಸಂಪಾದಕನ ಹೆಸರು ಮಾತ್ರ.

1868ರಲ್ಲಿ ಆಕ್ಸ್‌ಫರ್ಡ್ ಅವರಿಗಾಗಿಯೇ ತೌಲನಿಕ ಭಾಷಾಶಾಸ್ತ್ರದ ಪೀಠವನ್ನು ಸ್ಥಾಪಿಸಿತು. 1875ರ ಕೊನೆಗೆ ಮುಲ್ಲರ್ ಅದನ್ನೂ ಬಿಟ್ಟು ಪೌರಸ್ತ್ಯ ಧರ್ಮಗ್ರಂಥಗಳ ಅನುವಾದಮಾಲೆಗೆ ಪೂರ್ಣ ಸಮಯ ಕೊಡಲು ಬಯಸಿದಾಗ, ಅವರನ್ನು ಉಳಿಸಿಕೊಳ್ಳಲು ವಿಶ್ವವಿದ್ಯಾಲಯ ಒಂದು ಏರ್ಪಾಡು ಮಾಡಿತು. ಪಾಠವನ್ನು ಉಪಪ್ರಾಧ್ಯಾಪಕರೊಬ್ಬರು ಅರ್ಧ ಸಂಬಳಕ್ಕೆ ಮಾಡುವುದು, ಮುಲ್ಲರ್ ಪದವಿಯಲ್ಲಿ ಮುಂದುವರಿಯುವುದು. 1876ರಲ್ಲಿ ಇದನ್ನು ವಿರೋಧಿಸಿ ಕಿರುಹೊತ್ತಗೆ ಬರೆದವರು ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಜ್‌ಸನ್, ಅಂದರೆ ಆಲಿಸಳ ಕಥೆಗಳ ಲೂಯಿಸ್ ಕ್ಯಾರಲ್. ಅದೇ ಪಾಠಕ್ಕೆ ಇನ್ನೊಬ್ಬನಿಗೆ ಅರ್ಧ ಸಂಬಳ ಕೊಡುವುದು ಅನ್ಯಾಯವೆಂಬುದು ಅವರ ಆಕ್ಷೇಪ. ಯೋಜನೆಗಳಿಗಾಗಿ ಪ್ರಾಧ್ಯಾಪಕರು ರಜೆ ಹೋದಾಗ ತರಗತಿ ನಡೆಸುವ ಅತಿಥಿ ಉಪನ್ಯಾಸಕರು ಈ ಕಿರುಹೊತ್ತಗೆಯನ್ನು ಓದಬೇಕು. ಆಕ್ಷೇಪ ನಿಲ್ಲಲಿಲ್ಲ; ಎ. ಎಚ್. ಸೇಸ್ ಆ ಕೆಲಸಕ್ಕೆ ಬಂದರು. 1879ರಿಂದ ಹೊರಬರತೊಡಗಿದ ಅನುವಾದಮಾಲೆ ಮುಲ್ಲರ್ ಅವರ ಮರಣಾನಂತರ 1910ರಲ್ಲಿ ಐವತ್ತನೆಯ ಸಂಪುಟದೊಡನೆ ಪೂರ್ಣವಾಯಿತು.

ಋಗ್ವೇದದ ಮೊದಲ ಆವೃತ್ತಿಯ ಪ್ರತಿಗಳು ಮುಗಿದಾಗ ಪರಿಷ್ಕೃತ ಎರಡನೆಯ ಆವೃತ್ತಿಗೆ ಹಣ ಬಂದುದು ಭಾರತದಿಂದ. ಅದರ ವೆಚ್ಚ ವಹಿಸಿದವರು ವಿಜಯನಗರದ ಮಹಾರಾಜರು. ಹೆಸರು ನೋಡಿ ಹಂಪೆಯನ್ನು ನೆನೆಯುವಂತಿಲ್ಲ. ಇದು ಆಂಧ್ರದ ವಿಜಯನಗರಂ ಸಂಸ್ಥಾನ, ದೊರೆ ಪಶುಪತಿ ಆನಂದ ಗಜಪತಿರಾಜು. ಆದರೂ ಹದಿನಾಲ್ಕನೆಯ ಶತಮಾನದ ಒಂದು ವಿಜಯನಗರದಲ್ಲಿ ರಚಿತವಾದ ಭಾಷ್ಯ ಹತ್ತೊಂಬತ್ತನೆಯ ಶತಮಾನದ ಇನ್ನೊಂದು ವಿಜಯನಗರದ ಹಣದಿಂದ ಆಕ್ಸ್‌ಫರ್ಡಿನಲ್ಲಿ ಅಚ್ಚಾಯಿತು. ನಾಲ್ಕು ಸಂಪುಟಗಳು 1890ರಿಂದ 1892ರೊಳಗೆ ಮುಗಿದವು. ಈ ಬಾರಿ ಸಹಾಯಕರಾಗಿದ್ದವರು ಮುಂದೆ ಭಾರತೀಯ ಸಾಹಿತ್ಯ ಚರಿತ್ರೆ ಬರೆದು ಹೆಸರಾದ ವಿಂಟರ್‌ನಿಟ್ಸ್. ಇಪ್ಪತ್ತನೆಯ ಶತಮಾನದಲ್ಲಿ ಸಾಯಣಭಾಷ್ಯಸಹಿತ ಋಗ್ವೇದ ಕನ್ನಡ ವಿವರಣೆಯೊಡನೆ 36 ಸಂಪುಟಗಳಲ್ಲಿ ಮೈಸೂರಿನಲ್ಲಿ ಪ್ರಕಟವಾದಾಗಲೂ ಆಶ್ರಯ ಅರಮನೆಯದೇ, ಜಯಚಾಮರಾಜ ಒಡೆಯರದು.

ಮುಲ್ಲರ್ ಭಾರತವನ್ನು ಎಂದೂ ನೋಡಲಿಲ್ಲ. 1896ರಲ್ಲಿ ಅವರಿಗೆ ಪ್ರಿವಿ ಕೌನ್ಸಿಲರ್ ಪದವಿ ಬಂದಿತು. 1900ರ ಅಕ್ಟೋಬರ್ 28ರಂದು ಆಕ್ಸ್‌ಫರ್ಡಿನಲ್ಲಿ ನಿಧನರಾದರು. ಅವರ ಖಾಸಗಿ ಗ್ರಂಥಸಂಗ್ರಹವನ್ನು ಜಪಾನಿನ ಇವಾಸಾಕಿ ಮನೆತನದ ಶ್ರೀಮಂತರೊಬ್ಬರು ಕೊಂಡು ಟೋಕಿಯೊ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1923ರ ಭೂಕಂಪದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು.