ಹಾಫ್‌ಕಿನ್: ಲಸಿಕೆಯೂ ಲೆಕ್ಕವೂ

ಬ್ಯಾಡಗಿಯ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠ ನನ್ನ ಪಾಲಿಗೆ ಬಂತು. ಲಸಿಕೆ ಎಂದ ಕೂಡಲೇ ಜೆನ್ನರ್, ಪಾಶ್ಚರ್ ಎಂದು ಹೇಳಿ ಮುಗಿಸುವುದು ನನಗೆ ಬೇಡವಾಗಿತ್ತು. ನಮ್ಮ ಭಾಗದ ಜನರ ಜೀವ ಉಳಿಸಿದ ಒಬ್ಬರ ಚರಿತ್ರೆ ಹೇಳೋಣವೆಂದು ವಾಲ್ಡೆಮಾರ್ ಹಾಫ್‌ಕಿನ್ ಅವರನ್ನು ಆರಿಸಿಕೊಂಡೆ. ಒಂದು ಅವಧಿಗೆ ಬರೆದ ಪಾಠಯೋಜನೆ ಎರಡು ಅವಧಿಗೆ ಬೆಳೆಯಿತು. ಆ ಎರಡನೇ ಅವಧಿಯೇ ನನಗೆ ಹೆಚ್ಚು ಕಲಿಸಿತು.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾ ನಗರದ ಯಹೂದಿ ಮನೆತನದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫ್ ಅವರ ಶಿಷ್ಯರಾಗಿ ಪ್ರಾಣಿಶಾಸ್ತ್ರ ಓದಿದರು. ಯಹೂದಿಯಾಗಿದ್ದ ಕಾರಣ ಅಧ್ಯಾಪಕ ಹುದ್ದೆಯ ದಾರಿ ಮುಚ್ಚಿತ್ತು. ಮತಾಂತರಕ್ಕೆ ಅವರು ಒಪ್ಪಲಿಲ್ಲ. ದೇಶ ಬಿಟ್ಟು 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದಾಗ ಮೊದಲು ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ.

ಪ್ರಯೋಗಾಲಯದಲ್ಲಿ ಅವರು ಕಾಲರಾ ಬ್ಯಾಕ್ಟೀರಿಯಾವನ್ನು ಒಂದು ಗಿನಿಯಿಲಿಯ ಹೊಟ್ಟೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ದಾಟಿಸಿದರು. ದಾಟಿದಷ್ಟೂ ಅದರ ಉಗ್ರತೆ ಏರಿತು. ಅದೇ ಬ್ಯಾಕ್ಟೀರಿಯಾವನ್ನು ಗಾಳಿಯಾಡಿಸುತ್ತ ಬೆಚ್ಚಗಿನ ಉಷ್ಣತೆಯಲ್ಲಿ ಬೆಳೆಸಿದರೆ ಉಗ್ರತೆ ಇಳಿಯಿತು. ಕಪ್ಪುಹಲಗೆಯ ಮೇಲೆ ನಾನು ಮೇಲಕ್ಕೊಂದು, ಕೆಳಕ್ಕೊಂದು ಬಾಣ ಬರೆದು ಇದನ್ನು ವಿವರಿಸಿದೆ. ಜೀವಿ ಒಂದೇ, ರೋಗ ತರುವ ಶಕ್ತಿ ಮಾತ್ರ ಬೇರೆ ಬೇರೆ ಎಂಬುದು ಮಕ್ಕಳಿಗೆ ಬೇಗ ಹಿಡಿಸಿತು. ಮೊದಲು ದುರ್ಬಲವಾದದ್ದು, ಕೆಲ ದಿನಗಳ ನಂತರ ಉಗ್ರವಾದದ್ದು ಎಂದು ಎರಡು ಚುಚ್ಚುಮದ್ದು ಕೊಡುವುದು ಅವರ ಕ್ರಮ. 1892ರ ಜುಲೈ 18ರಂದು ಮೊದಲು ತಮಗೇ ಚುಚ್ಚಿಕೊಂಡರು. 1893ರಲ್ಲಿ ಕಲ್ಕತ್ತೆಗೆ ಬಂದು ಸುಮಾರು ಎರಡೂವರೆ ವರ್ಷದಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಸರ್ಕಾರ ಹಾಫ್‌ಕಿನ್ ಅವರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಸಿದರು. ತುಪ್ಪಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಬಿಳಲಿನಂತೆ ಕೆಳಗೆ ಜೋತುಬೀಳುತ್ತಿದ್ದವು. ಅದನ್ನು ಕಾಯಿಸಿ, ಬ್ಯಾಕ್ಟೀರಿಯಾವನ್ನು ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಮತ್ತೆ ತಮ್ಮ ಮೈಮೇಲೆಯೇ ಪ್ರಯೋಗ. ಆಮೇಲೆ ಬೈಕುಲ್ಲಾ ಜೈಲಿನಲ್ಲಿ ಒಪ್ಪಿದವರಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರೊಂದಿಗೆ ಹೋಲಿಸಿ ನೋಡಿದರು.

ಪ್ಲೇಗ್ ನಮ್ಮ ಕಡೆಗೂ ಹಬ್ಬಿತು. ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಹರಿಹರಕ್ಕೆ ಹೋಗುವ ರೈಲು ದಾರಿ ಆಗಲೇ ಇತ್ತು; ಹರಿಹರವನ್ನು ಬಿಟ್ಟರೆ ಈ ಊರುಗಳೆಲ್ಲ ಅಂದಿನ ಧಾರವಾಡ ಜಿಲ್ಲೆಯವು. 1898ರಲ್ಲಿ ಹುಬ್ಬಳ್ಳಿಯೊಂದರಲ್ಲೇ 30,000ಕ್ಕೂ ಹೆಚ್ಚು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರ ಮತ್ತು ಹಾಕಿಸಿಕೊಳ್ಳದವರ ಸಾವಿನ ಲೆಕ್ಕವನ್ನು ಬೇರೆ ಬೇರೆ ಇಡಲಾಯಿತು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ ಎಂದು ಆ ಲೆಕ್ಕ ತೋರಿಸಿತು.

ನನ್ನ ಪಾಠ ಇಲ್ಲಿಗೆ ಮುಗಿಯಬೇಕಿತ್ತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ಆ ಇಂಜೆಕ್ಷನ್ನಿನಿಂದ ಯಾರೂ ಸಾಯಲಿಲ್ಲವೇ ಎಂದು ಕೇಳಿದ. ಉತ್ತರ ನನಗೆ ಗೊತ್ತಿತ್ತು. ಮಕ್ಕಳಿಗೆ ಲಸಿಕೆಯ ಬಗ್ಗೆ ಹೆದರಿಕೆ ಹುಟ್ಟೀತೆಂದು ಆ ಭಾಗವನ್ನು ನಾನೇ ಯೋಜನೆಯಿಂದ ಹೊಡೆದುಹಾಕಿದ್ದೆ. ಇಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಹಿಂದೆ ಕುಳಿತಿದ್ದರು. ಸತ್ತಿದ್ದಾರೆ, ನಾಳೆ ಹೇಳುತ್ತೇನೆ ಎಂದೆ.

ಮರುದಿನ ಹೇಳಿದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಒಂದೇ ಬಾಟಲಿಯ ಲಸಿಕೆ ಹೋಗಿತ್ತು. ಬೇರೆ ಬಾಟಲಿಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ಇಷ್ಟು ಹೇಳಿ ನಿಲ್ಲಿಸಿ, ತಪ್ಪು ಎಲ್ಲಿ ಆಗಿರಬಹುದೆಂದು ಗುಂಪಿನಲ್ಲಿ ಚರ್ಚಿಸಲು ಬಿಟ್ಟೆ. ಲಸಿಕೆಯೇ ಕೆಟ್ಟದ್ದಾಗಿದ್ದರೆ ಉಳಿದವರಿಗೂ ತೊಂದರೆಯಾಗಬೇಕಿತ್ತು, ಹಾಗಾಗಿ ತಪ್ಪು ಆ ಬಾಟಲಿಯದ್ದು ಎಂದು ಒಂದು ಗುಂಪು ಹೇಳಿತು. ಬಾಟಲಿ ಕೆಟ್ಟದ್ದು ಮುಂಬಯಿಯಲ್ಲೋ ಹಳ್ಳಿಯಲ್ಲೋ ಎಂದು ಇನ್ನೊಂದು ಗುಂಪು ಕೇಳಿತು.

ವಿಚಾರಣೆಯ ಗಂಟು ಇದ್ದದ್ದೂ ಅಲ್ಲಿಯೇ. ತನಿಖೆ ಹಾಫ್‌ಕಿನ್ ಅವರ ಪ್ರಯೋಗಾಲಯವನ್ನು ದೂರಿತು; ಅವರು ನಿರ್ದೇಶಕರ ಹುದ್ದೆ ಕಳೆದುಕೊಂಡರು. ಆದರೆ ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಿರಡೆ ತೆಗೆಯಲಾಗಿತ್ತು. ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ. ಅದು ಪ್ರಯೋಗಾಲಯದಲ್ಲೇ ಸೇರಿದ್ದರೆ ಅಷ್ಟು ದಿನದಲ್ಲಿ ಬೆಳೆದು ಬಾಟಲಿ ನಾರಬೇಕಿತ್ತು. ತೆರೆದಾಗ ವಾಸನೆ ಇರಲಿಲ್ಲ. ಮಲೇರಿಯಾ ಸಂಶೋಧನೆಗೆ ಹೆಸರಾದ ರೊನಾಲ್ಡ್ ರಾಸ್ ಮೊದಲಾದವರು ಅವರ ಪರವಾಗಿ ಪತ್ರಿಕೆಗೆ ಬರೆದರು. 1907ರಲ್ಲಿ ಕಳಂಕ ತೊಲಗಿತು. ಹಾಫ್‌ಕಿನ್ ಕಲ್ಕತ್ತೆಗೆ ಮರಳಿ ಕೆಲಸ ಮಾಡಿದರಾದರೂ ಮೊದಲಿನ ಸ್ಥಾನ ಸಿಗಲಿಲ್ಲ. 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರದೇ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಮಕ್ಕಳು ಹೆದರಲಿಲ್ಲ. ಮೌಲ್ಯಮಾಪನದಲ್ಲಿ, ಚುಚ್ಚುಮದ್ದಿಗೆ ಶುದ್ಧ ಸೂಜಿ ಏಕೆ ಬೇಕೆಂಬ ಪ್ರಶ್ನೆಗೆ ಹಲವರು ಆ ಇಕ್ಕಳದ ಸಂಗತಿಯನ್ನೇ ಬರೆದಿದ್ದರು. ನಾವು ವಿಜ್ಞಾನಿಗಳ ಜೀವನ ಹೇಳುವಾಗ ಗೆಲುವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿಡುತ್ತೇವೆ. ಹುಬ್ಬಳ್ಳಿಯ ಲೆಕ್ಕವನ್ನು ನಂಬಿ ಎಂದು ಮಕ್ಕಳಿಗೆ ಹೇಳುವವನು ಮುಲ್ಕೋವಾಲಿನ ಲೆಕ್ಕವನ್ನೂ ಅವರ ಮುಂದೆ ಇಡಬೇಕು. ಈಗ ನನ್ನ ಪಾಠಯೋಜನೆಯಲ್ಲಿ ಎರಡೂ ಇವೆ, ಅವಧಿಯೂ ಎರಡು.